ಸೆಂಟ್ ಅಂದರೆ ಯಾವ ಸೆಂಟ್?

ನಮ್ಮ ಕಡೆ ಜೂನ್ ಕಾಲಿಟ್ಟಿತು ಅಂದರೆ ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ ಬದಲಾಗುತ್ತದೆ. ಆರೋಗ್ಯ, ಊಟ, ಮಕ್ಕಳ ಶಾಲೆ ಎಲ್ಲ ಆಮೇಲೆ. ಮೊದಲು, "ನಿಮ್ಮಲ್ಲಿ ಎಷ್ಟು?" ಏನು ಎಷ್ಟು ಅಂತ ಯಾರೂ ತಿರುಗಿ ಕೇಳುವುದಿಲ್ಲ. "ಎರಡು ಇಂಚು ನಲವತ್ತು ಸೆಂಟ್" ಅಂತ ಉತ್ತರ ಹೋಗುತ್ತದೆ. ಟೀವಿಯವರು ಮಿಲಿಮೀಟರಿನಲ್ಲಿ ಹೇಳಿಕೊಳ್ಳಲಿ, ಕೊಡಗಿನ ಸೋಮವಾರಪೇಟೆ ಸುತ್ತಮುತ್ತ ಕಾಫಿ ಬೆಳೆಯುವವರ ಬಾಯಲ್ಲಿ ಮಳೆ ಇವತ್ತಿಗೂ ಇಂಚು, ಸೆಂಟ್. ಒಂದು ಇಂಚಿಗೆ ನೂರು ಸೆಂಟ್. ಮಿಲಿಮೀಟರ್ ಬೇಕೇ ಬೇಕು ಅನ್ನುವವರು ಇಂಚನ್ನು 25.4ರಿಂದ ಗುಣಿಸಿಕೊಳ್ಳಬಹುದು.

ಬೆಂಗಳೂರಿನ ನನ್ನ ಸಹೋದ್ಯೋಗಿಗೆ ಇದು ಗೊತ್ತಿರಲಿಲ್ಲ. ಒಮ್ಮೆ ಮೀಟಿಂಗ್ ನಡುವೆ ಮ್ಯೂಟ್ ಮಾಡಲು ಮರೆತು ನಾನು ಅಪ್ಪನಿಗೆ "ಎಂಬತ್ತು ಸೆಂಟ್ ಬಂತಾ?" ಅಂತ ಕೂಗಿದೆ. ಅವನು ಆ ಕಡೆಯಿಂದ, "ಏನು ಮಾರಾಯ, ಜಾಗ ತಗೊಂಡ್ರಾ?" ಅಂದ. ಅವನದೂ ತಪ್ಪಲ್ಲ. ಎಕರೆಯ ನೂರನೇ ಒಂದು ಭಾಗವೂ ಸೆಂಟೇ. ಅಪ್ಪನೇ ಬೆಳಿಗ್ಗೆ ಕಣದಲ್ಲಿ ನಿಂತು "ನಲವತ್ತು ಸೆಂಟ್" ಅಂದರೆ ಮಳೆ, ಮಧ್ಯಾಹ್ನ ತಾಲ್ಲೂಕು ಕಚೇರಿಯಲ್ಲಿ ಅದನ್ನೇ ಅಂದರೆ ಜಮೀನು. ಇವೆರಡನ್ನು ಅಪ್ಪ ಜೀವಮಾನದಲ್ಲಿ ಒಮ್ಮೆಯೂ ಗೊಂದಲ ಮಾಡಿಕೊಂಡಿಲ್ಲ. ಗೊಂದಲ ಮಾಡಿಕೊಂಡವನು ನಾನು. ಅದೂ ಕಂಪ್ಯೂಟರ್ ಮುಂದೆ, ಬೇರೆಯದೇ ಒಂದು ಹೆಸರಿನ ವಿಷಯದಲ್ಲಿ.

ಅಪ್ಪ ಮಳೆ ಬರೆದಿಡಲು ಶುರು ಮಾಡಿದ್ದು 1996ರಲ್ಲಿ. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಡುವ ಡೈರಿಗಳಲ್ಲಿ, ದಿನಕ್ಕೊಂದು ಅಂಕಿ. ಕಣದ ಮೂಲೆಯಲ್ಲಿ ಮರದ ನೆರಳು ಬೀಳದ ಕಡೆ ರೈನ್ ಗೇಜ್ ಇದೆ. ಬೆಳಿಗ್ಗೆ ಎಂಟೂವರೆಗೆ ಅದರ ನೀರನ್ನು ಅಳತೆಯ ಗ್ಲಾಸಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಒಳಗೆ ಬಂದು ಬರೆಯುತ್ತಾರೆ. ಹವಾಮಾನ ಇಲಾಖೆಯವರ ದಿನವೂ ಎಂಟೂವರೆಗೇ ಮುಗಿಯುವುದು. ಅಪ್ಪನಿಗೆ ಅದು ಗೊತ್ತಿದ್ದು ಮಾಡಿದ್ದೋ, ತಿಂಡಿಯ ಹೊತ್ತು ಅಂತ ಮಾಡಿದ್ದೋ, ನಾನು ಕೇಳಿಲ್ಲ.

ಕೋವಿಡ್ ಸಮಯದಲ್ಲಿ ನಾನು ಊರಿಗೆ ಬಂದು, ಇಲ್ಲಿಂದಲೇ ಕೆಲಸ ಮಾಡುತ್ತಾ ಉಳಿದುಬಿಟ್ಟೆ. ಒಂದು ಮಳೆಗಾಲ ಆ ಡೈರಿಗಳನ್ನೆಲ್ಲ ಟೈಪ್ ಮಾಡಿ ಕಂಪ್ಯೂಟರಿಗೆ ಹಾಕಿದೆ. ಅಪ್ಪನಿಗೆ ಬೇಕಿದ್ದದ್ದು ಒಂದೇ ವಿಷಯ. ಯಾವ ವರ್ಷ ಹೂಮಳೆ ಸರಿಯಾಗಿ ಬಿತ್ತು, ಯಾವ ವರ್ಷ ಕೈಕೊಟ್ಟಿತು. ಕಾಫಿ ಗೊತ್ತಿಲ್ಲದವರಿಗೆ ಹೇಳುವುದಾದರೆ, ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕ ಒಂದು ಒಳ್ಳೆ ಮಳೆ ಬೀಳಬೇಕು. ಆಗ ಒಣಗಿ ನಿಂತ ಗಿಡದ ಮೊಗ್ಗು ಬಿರಿಯುತ್ತದೆ. ವಾರ ಹತ್ತು ದಿನಕ್ಕೆ ತೋಟ ಬೆಳ್ಳಗೆ. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಹೂ ಉದುರಿದ ಮೇಲೆ ಕಾಯಿ ಕಚ್ಚಬೇಕಾದರೆ ಇನ್ನೊಂದು ಮಳೆ ಬೇಕು. ಇದಕ್ಕೆ ಬ್ಯಾಕಿಂಗ್ ಅನ್ನುತ್ತಾರೆ. ಅಪ್ಪನ ಲೆಕ್ಕದಲ್ಲಿ ಹೂಮಳೆ ಅಂದರೆ ಕನಿಷ್ಠ ಒಂದು ಇಂಚು, ಬ್ಯಾಕಿಂಗ್‌ಗೆ ಅರ್ಧ ಇಂಚಾದರೂ ಸಾಕು. ಸ್ಪ್ರಿಂಕ್ಲರ್ ಇರುವವರಿಗೆ ಇಷ್ಟು ಚಿಂತೆ ಇಲ್ಲ. ನಮ್ಮದು ಆಕಾಶ ನಂಬಿದ ತೋಟ.

ಸರಿ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಇಲ್ಲೊಂದು ಚಪಲ ತೀರಿಸಿಕೊಂಡೆ. ಪೈಥಾನ್ 3ರಲ್ಲಿ ವೇರಿಯೇಬಲ್ ಹೆಸರನ್ನು, ಅಂದರೆ ಒಂದು ಅಂಕಿಗೋ ಪಟ್ಟಿಗೋ ನಾವಿಡುವ ಹೆಸರನ್ನು, ಕನ್ನಡ ಲಿಪಿಯಲ್ಲೇ ಇಡಬಹುದು. ಆಫೀಸಿನ ಕೋಡಿನಲ್ಲಿ ಹಾಗೆ ಮಾಡಿದರೆ ಮರುದಿನವೇ ಕರೆ ಬರುತ್ತದೆ. ಇದು ಮನೆ ಕೆಲಸ, ಕೇಳುವವರಿಲ್ಲ. ದಿನಗಳ ಪಟ್ಟಿಗೆ 'ದಿನಗಳು' ಅಂತ ಹೆಸರಿಟ್ಟೆ. ಎಷ್ಟು ಸೆಂಟಿಗಿಂತ ಕಡಿಮೆ ಇರಬಾರದು ಅನ್ನುವುದಕ್ಕೆ 'ಮಿತಿ'. ಇವೆರಡನ್ನೂ ತೆಗೆದುಕೊಂಡು ಬೇಕಾದ ದಿನಗಳನ್ನು ಹೆಕ್ಕಿ ಕೊಡುವ ಫಂಕ್ಷನ್ನಿಗೆ 'ಆರಿಸು'. ಹೂಮಳೆ ಹುಡುಕುವಾಗ ಮಿತಿ 100, ಬ್ಯಾಕಿಂಗ್ ಹುಡುಕುವಾಗ 50. (ಒಂದು ಎಚ್ಚರಿಕೆ. 'ಸೆಂಟ್‌ಗಳು' ಅಂತ ಹೆಸರಿಡಲು ಹೋಗಬೇಡಿ. ಆ ಟ್ ಮತ್ತು ಗ ಅಂಟಿಕೊಳ್ಳದ ಹಾಗೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ಪೈಥಾನ್ ಅದನ್ನು ಹೆಸರಿನೊಳಗೆ ಸೇರಿಸಿಕೊಳ್ಳುವುದಿಲ್ಲ, ಜಗಳ ತೆಗೆಯುತ್ತದೆ.)

ಫಲಿತಾಂಶ ಅಪ್ಪನಿಗೆ ಓದಿ ಹೇಳಿದೆ. ಒಂದೊಂದು ವರ್ಷಕ್ಕೂ ತಲೆ ಆಡಿಸುತ್ತಾ ಬಂದವರು 2016ಕ್ಕೆ ನಿಲ್ಲಿಸಿದರು.

"ಬ್ಯಾಕಿಂಗ್ ಎರಡು ಅಂತ ತೋರಿಸ್ತಿದೆಯಾ? ಆ ವರ್ಷ ಬ್ಯಾಕಿಂಗೇ ಬಿದ್ದಿಲ್ಲ. ಹೂ ಎಲ್ಲ ಕರಟಿ ಹೋಯ್ತು."

"ಅಪ್ಪ, ನೀವೇ ಬರೆದದ್ದು."

"ನಾನು ಬರೆದದ್ದು ಸರಿಯಾಗೇ ಇರ್ತದೆ. ನಿನ್ನ ಮಿಷನ್ ನೋಡು."

ಮಗನಿಗೂ ಮಿಷನ್ನಿಗೂ ಒಟ್ಟಿಗೆ ಆದ ಅವಮಾನ. ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆಗೆದೆ. ಮರುದಿನ ಆಟಿ ಹದಿನೆಂಟು, ಕೊಡಗಿನಲ್ಲಿ ಮದ್ದು ಸೊಪ್ಪು ತಿನ್ನುವ ದಿನ. ಅಮ್ಮ ಒಳಗೆ ಮದ್ದು ಸೊಪ್ಪು ಬೇಯಲು ಇಟ್ಟಿದ್ದರು, ಮನೆ ತುಂಬ ಅದರ ವಾಸನೆ. ಹೊರಗೆ ಸಂಜೆಯಿಂದ ಒಂದೇ ಸಮ ಮಳೆ. ಕರೆಂಟ್ ಹೋಗಿತ್ತು, ಅದರ ಹಿಂದೆಯೇ ನೆಟ್‌ವರ್ಕೂ ಹೋಗಿತ್ತು. ಬ್ಯಾಟರಿಯಲ್ಲಿ ಮೂರು ಗಂಟೆಯಷ್ಟು ಜೀವ ಇತ್ತು. ಈ ವಿವರ ಸುಮ್ನೆ ಹೇಳುತ್ತಿಲ್ಲ. ನೆಟ್ ಇದ್ದಿದ್ದರೆ ಈ ಕಥೆ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು.

ಪೈಥಾನಿನ ಜೊತೆಗೇ ಪಿಡಿಬಿ ಅಂತ ಒಂದು ಡಿಬಗ್ಗರ್ ಬರುತ್ತದೆ. ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಿ, ಆ ಕ್ಷಣದಲ್ಲಿ ಯಾವ ಹೆಸರಿನಲ್ಲಿ ಏನಿದೆ ಅಂತ ಕೇಳಬಹುದು. ಹೊಸ ಸಾಲು ಟೈಪ್ ಮಾಡಿ ಅಲ್ಲೇ ಓಡಿಸಿಯೂ ನೋಡಬಹುದು. ನನಗೆ ಇದು ಬಹಳ ಇಷ್ಟದ ಸಲಕರಣೆ. 'ಆರಿಸು' ಫಂಕ್ಷನ್ನಿನ ಒಳಗೆ, 2016ರ ಏಪ್ರಿಲ್ ಬಂದಾಗ ನಿಲ್ಲುವ ಹಾಗೆ ಮಾಡಿದೆ. ನಿಂತಿತು.

ಮಿತಿ ಎಷ್ಟು ಅಂತ ಕೇಳಿದೆ. 50 ಅಂತ ಬಂತು. ಸರಿ.

ದಿನಗಳು ಎಷ್ಟಿವೆ ಅಂತ ಕೇಳಿದೆ. 30. ಅದೂ ಸರಿ.

ಆಮೇಲೆ, ದಿನಗಳು ಪಟ್ಟಿಯಲ್ಲಿ ಯಾವುದರ ಮಳೆ ಮಿತಿಗಿಂತ ಕಡಿಮೆ ಇಲ್ಲವೋ ಅವನ್ನು ಮಾತ್ರ ಕೊಡು ಅಂತ ಒಂದೇ ಸಾಲಿನಲ್ಲಿ ಕೇಳಿದೆ. ಪೈಥಾನಿನವರು ಇದನ್ನು ಲಿಸ್ಟ್ ಕಾಂಪ್ರಹೆನ್ಶನ್ ಅನ್ನುತ್ತಾರೆ. ನನ್ನ ಫಂಕ್ಷನ್ನಿನಲ್ಲಿ ಇದ್ದದ್ದೂ ಅಕ್ಷರಶಃ ಅದೇ ಸಾಲು. ಕಾಪಿ ಮಾಡಿ ಅಂಟಿಸಿದ್ದು, ಅಷ್ಟೇ.

ಮೂರು ನಕ್ಷತ್ರ ಹಾಕಿ ಪಿಡಿಬಿ ಹೇಳಿತು: ನೇಮ್ ಎರರ್, 'ಮಿತಿ' ಅನ್ನುವ ಹೆಸರೇ ಇಲ್ಲ.

ಅರೆ, ಈಗ ತಾನೇ 50 ಅಂದೆಯಲ್ಲ? ಮತ್ತೆ ಕೇಳಿದೆ. 50. ಮತ್ತೆ ಆ ಸಾಲು ಅಂಟಿಸಿದೆ. ಇಲ್ಲ. ಕೇಳಿದರೆ ಇದೆ, ಬಳಸಿದರೆ ಇಲ್ಲ. ನನ್ನನ್ನು ಹೆಚ್ಚು ದಾರಿ ತಪ್ಪಿಸಿದ್ದು ಇನ್ನೊಂದು. ಅದೇ ಸಾಲಿನಲ್ಲಿ 'ದಿನಗಳು' ಕೂಡ ಇದೆ. ಅದರ ಬಗ್ಗೆ ಅದಕ್ಕೆ ತಕರಾರೇ ಇಲ್ಲ. ಇಬ್ಬರೂ ಒಂದೇ ಫಂಕ್ಷನ್ನಿಗೆ ಒಂದೇ ಬಾಗಿಲಿನಿಂದ ಬಂದವರು. ಒಬ್ಬರನ್ನು ಗುರುತಿಸುತ್ತದೆ, ಒಬ್ಬರನ್ನು ಗುರುತಿಸುವುದಿಲ್ಲ. ಮೊದಲು ನನಗೆ ಅನುಮಾನ ಬಂದದ್ದು ಕನ್ನಡ ಲಿಪಿಯ ಮೇಲೆ. 'ಮಿ' ಬರೆಯುವಾಗ ಎಲ್ಲೋ ಏನೋ ಅಡಗಿ ಕೂತಿರಬೇಕು ಅಂತ ಎರಡು ಸಲ ಅಳಿಸಿ ಬರೆದೆ. ಪಾಪ, ಅದರದೇನೂ ತಪ್ಪಿರಲಿಲ್ಲ.

ಇಲ್ಲಿಂದ ಮುಂದೆ ನಾನು ಮಾಡಿದ್ದು ಹೇಳಲು ಸ್ವಲ್ಪ ನಾಚಿಕೆ. ಹೆಸರು ಇಲ್ಲ ಅನ್ನುತ್ತಿದೆ ತಾನೇ, ಕೊಟ್ಟುಬಿಡೋಣ ಅಂತ ಫೈಲಿನ ತಲೆಯಲ್ಲಿ, ಎಲ್ಲ ಫಂಕ್ಷನ್‌ಗಳ ಹೊರಗೆ, ಮಿತಿ ಅಂದರೆ 100 ಅಂತ ಒಂದು ಸಾಲು ಸೇರಿಸಿದೆ. 100 ಯಾಕೆ? ಸುಮ್ನೆ. ಕೈಗೆ ಬಂದ ಅಂಕಿ. ಫಂಕ್ಷನ್ನಿಗೆ ತನ್ನದೇ ಮಿತಿ ಬರುತ್ತದೆ, ಹೊರಗಿನದು ಯಾಕೆ ಲೆಕ್ಕಕ್ಕೆ ಬರುತ್ತದೆ ಅಂತ ಧೈರ್ಯ.

ಮತ್ತೆ ಓಡಿಸಿದೆ. ಮತ್ತೆ ಅಲ್ಲೇ ನಿಂತಿತು. ಆ ಸಾಲು ಅಂಟಿಸಿದೆ. ಈ ಸಲ ಎರರ್ ಬರಲಿಲ್ಲ. ಖಾಲಿ ಪಟ್ಟಿ ಬಂತು. ಅಂದರೆ 2016ರ ಏಪ್ರಿಲಿನಲ್ಲಿ ಬ್ಯಾಕಿಂಗ್ ಮಳೆ ಒಂದೂ ಇಲ್ಲ. ಅಪ್ಪ ಹೇಳಿದ್ದೂ ಅದನ್ನೇ!

ಪ್ರೋಗ್ರಾಂ ಮಾತ್ರ ಮುಂದಕ್ಕೆ ಓಡಿ ಎರಡು ದಿನ ಅಂತಲೇ ಹೇಳಿತು.

ನೋಡಿ, ಆ ಕ್ಷಣದಲ್ಲಿ ನನ್ನ ಸ್ಥಿತಿ. ಡಿಬಗ್ಗರ್ ಒಂದು ಹೇಳುತ್ತಿದೆ, ಅದು ಅಪ್ಪನ ನೆನಪಿಗೆ ಸರಿಯಾಗಿ ಹೊಂದುತ್ತಿದೆ. ಪ್ರೋಗ್ರಾಂ ಇನ್ನೊಂದು ಹೇಳುತ್ತಿದೆ. ಯಾರನ್ನು ನಂಬುತ್ತೀರಿ? ಆ ಸಾಲು ಸರಿ ಇದೆ, ಅದಕ್ಕೆ ಬರುವ ಮಿತಿಯೇ ಎಲ್ಲೋ ಕೆಡುತ್ತಿದೆ ಅಂತ ತೀರ್ಮಾನ ಮಾಡಿದೆ. ಎರಡು ಗಂಟೆ ಅದರ ಹಿಂದೆ ಬಿದ್ದೆ. ಮಿತಿ ಎಲ್ಲಿಂದ ಹೊರಟು ಎಲ್ಲಿಗೆ ಬರುತ್ತದೆ ಅಂತ ಪ್ರತಿ ಮೆಟ್ಟಿಲಲ್ಲೂ ನಿಲ್ಲಿಸಿ ಕೇಳಿದೆ. ಎಲ್ಲ ಕಡೆ 50. ಬ್ಯಾಟರಿ ಮುಗಿದು ಪರದೆ ಕಪ್ಪಾದಾಗ ಸರಿಯಾಗಿದ್ದ ಮೂರು ಫಂಕ್ಷನ್‌ಗಳನ್ನು ನಾನು ತಿದ್ದಿ ಹಾಳು ಮಾಡಿದ್ದೆ.

ಬೆಳಿಗ್ಗೆ ಗೇಟಿನ ಹತ್ತಿರದ ಸಿಲ್ವರ್ ಮರದ ಕೆಳಗೆ ಕೊಡೆ ಹಿಡಿದು ನಿಂತೆ. ನಮ್ಮಲ್ಲಿ ನೆಟ್‌ವರ್ಕ್ ಸಿಗುವ ಜಾಗ ಅದೊಂದೇ. 'ಜಾಗ ತಗೊಂಡ್ರಾ' ಅಂದಿದ್ದ ಅದೇ ಸಹೋದ್ಯೋಗಿಗೆ ಫೋನ್ ಮಾಡಿದೆ. ಅವನು ಪೂರ್ತಿ ಕೇಳಲೂ ಇಲ್ಲ.

"ಯಾವ ಪೈಥಾನ್ ನಿಂದು?"

"3.10. ಉಬುಂಟು 22.04ರ ಜೊತೆ ಬಂದದ್ದು."

"ಹಂಗಾದ್ರೆ ಅದು ಅದೇ. ಪಿಡಿಬಿ ಒಳಗೆ ಇಂಟರ‍್ಯಾಕ್ಟ್ ಅಂತ ಹೊಡೆದು, ಆಮೇಲೆ ಆ ಸಾಲು ಹಾಕಿ ನೋಡು. ಡಿಬಗ್ಗರ್ ನೀನು ಅಂದ್ಕೊಂಡ ಜಾಗದಲ್ಲಿ ಇಲ್ಲ ಮಾರಾಯ."

ಕೊನೆಯ ವಾಕ್ಯ ನನಗೆ ಅರ್ಥ ಆಗಲು ಇಡೀ ದಿನ ಹಿಡಿಯಿತು. ಈಗ ಅರ್ಥವಾದ ಮಟ್ಟಿಗೆ ಹೇಳುತ್ತೇನೆ.

ಪೈಥಾನ್ ಒಂದು ಫಂಕ್ಷನನ್ನು ಓಡಿಸುವುದಕ್ಕೆ ಮೊದಲು ಅದನ್ನು ಪೂರ್ತಿ ಓದುತ್ತದೆ. ಓದುವಾಗಲೇ ಪ್ರತಿ ಹೆಸರಿನ ಮನೆ ಯಾವುದು ಅಂತ ನಿರ್ಧಾರ ಮಾಡಿಬಿಡುತ್ತದೆ. ಇದು ಈ ಫಂಕ್ಷನ್ನಿನ ಸ್ವಂತದ್ದು, ಅಂದರೆ ಲೋಕಲ್. ಇದು ಇಡೀ ಫೈಲಿಗೆ ಸೇರಿದ್ದು, ಗ್ಲೋಬಲ್. ಫಂಕ್ಷನ್ನಿನ ಒಳಗೆ ಇನ್ನೊಂದು ಫಂಕ್ಷನ್ ಇದ್ದು, ಅದು ಹೊರಗಿನವನ ಸ್ವಂತ ಹೆಸರನ್ನು ಬಳಸುತ್ತಿದ್ದರೆ, ಅದನ್ನೂ ಆಗಲೇ ಗಮನಿಸಿ, ಇಬ್ಬರಿಗೂ ಕೈ ಎಟುಕುವ ಹಾಗೆ ಒಂದು ಡಬ್ಬಿಯಲ್ಲಿ ಎತ್ತಿಡುತ್ತದೆ. ಈ ಡಬ್ಬಿಗೆ ಸೆಲ್ ಅಂತ ಹೆಸರು. ಮುಖ್ಯ ಏನು ಅಂದರೆ, ಇದೆಲ್ಲ ಓಡುವ ಮೊದಲೇ ಆಗಿ ಮುಗಿಯುವ ಕೆಲಸ. ಹೊರಗಿನದು, ಒಳಗಿನದು ಎರಡೂ ಒಟ್ಟಿಗೆ ಕಣ್ಣ ಮುಂದೆ ಇದ್ದರೆ ಮಾತ್ರ ಆಗುವ ಕೆಲಸ.

ಇನ್ನು ಲಿಸ್ಟ್ ಕಾಂಪ್ರಹೆನ್ಶನ್. ನೋಡಲು ಒಂದು ಸಾಲು. ಆದರೆ ಪೈಥಾನ್ 3 ಬಂದಾಗಿನಿಂದ, ಅಂದರೆ 2008ರ ಡಿಸೆಂಬರಿನಿಂದ, ಅದು ಒಳಗೊಳಗೇ ಒಂದು ಪುಟ್ಟ ಫಂಕ್ಷನ್. ಪೈಥಾನ್ 2ರಲ್ಲಿ ಹೀಗಿರಲಿಲ್ಲ. ಅಲ್ಲಿ ಅದರೊಳಗಿನ ಎಣಿಕೆಯ ಹೆಸರು ಹೊರಗೆ ಸೋರಿಕೊಂಡು ಬಂದು ನಮ್ಮದೇ ಬೇರೆ ಹೆಸರಿನ ಮೇಲೆ ಕೂತುಬಿಡುತ್ತಿತ್ತು. ಆ ಸೋರಿಕೆ ನಿಲ್ಲಿಸಲು ಸುತ್ತ ಗೋಡೆ ಕಟ್ಟಿದರು. ಒಳ್ಳೆಯ ಕೆಲಸವೇ. ಆದರೆ ಆ ಗೋಡೆಯಿಂದ ಡಿಬಗ್ಗರಿಗೆ ಕಣ್ಣು ಕಟ್ಟಿದ ಹಾಗಾಯಿತು.

ಯಾಕೆಂದರೆ ನಾನು ಪಿಡಿಬಿಯಲ್ಲಿ ಟೈಪ್ ಮಾಡಿದ ಸಾಲು ನನ್ನ 'ಆರಿಸು' ಫಂಕ್ಷನ್ನಿನ ಒಳಗೆ ಹೋಗಿ ಕೂರುವುದಿಲ್ಲ. ಫಂಕ್ಷನ್ ಯಾವಾಗಲೋ ಕಂಪೈಲ್ ಆಗಿ, ಅಂದರೆ ಮೇಲೆ ಹೇಳಿದ ಆ ಓದುವ ಕೆಲಸ ಆಗಿ, ಮುಗಿದಿದೆ. ನನ್ನ ಸಾಲು ಪ್ರತ್ಯೇಕವಾಗಿ, ಒಂಟಿಯಾಗಿ, ಹೊಸದಾಗಿ ಕಂಪೈಲ್ ಆಗುತ್ತದೆ. ಓಡಿಸುವಾಗ ಪಿಡಿಬಿ ಅದರ ಕೈಗೆ ಎರಡು ಪುಸ್ತಕ ಕೊಡುತ್ತದೆ. ಇದು ಗ್ಲೋಬಲ್ ಹೆಸರುಗಳ ಪುಸ್ತಕ, ಇದು ಫಂಕ್ಷನ್ನಿನ ಲೋಕಲ್ ಹೆಸರುಗಳ ಪುಸ್ತಕ. ಸಾಲಿನ ಹೊರಮೈಯಲ್ಲಿರುವ ಹೆಸರನ್ನು ಮೊದಲು ಲೋಕಲ್ ಪುಸ್ತಕದಲ್ಲಿ, ಆಮೇಲೆ ಗ್ಲೋಬಲ್ ಪುಸ್ತಕದಲ್ಲಿ ಹುಡುಕುತ್ತದೆ. ಬರೀ 'ಮಿತಿ' ಅಂತ ಕೇಳಿದಾಗ 50 ಸಿಕ್ಕಿದ್ದು ಹೀಗೆ. ಆದರೆ ಕಾಂಪ್ರಹೆನ್ಶನ್ನಿನ ಗೋಡೆಯ ಒಳಗಿರುವ 'ಮಿತಿ'ಯ ಕಥೆ ಬೇರೆ. ಆ ಪುಟ್ಟ ಫಂಕ್ಷನ್ ತನ್ನ ಸುತ್ತ ಯಾವ ಫಂಕ್ಷನ್ ಇದೆ ಅಂತ ನೋಡುತ್ತದೆ. ಯಾವುದೂ ಇಲ್ಲ, ಒಂಟಿ ಸಾಲು. ಹಾಗಾದರೆ ಇದು ಗ್ಲೋಬಲ್ ಇರಬೇಕು ಅಂತ ಬರೆದುಕೊಳ್ಳುತ್ತದೆ. ಓಡುವಾಗ ಗ್ಲೋಬಲ್ ಪುಸ್ತಕ ಮಾತ್ರ ತೆರೆಯುತ್ತದೆ. ಲೋಕಲ್ ಪುಸ್ತಕ ಪಕ್ಕದಲ್ಲೇ ಬಿದ್ದಿದ್ದರೂ ಮುಟ್ಟುವುದಿಲ್ಲ.

'ದಿನಗಳು' ಯಾಕೆ ಸಿಕ್ಕಿತು ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಕಾಂಪ್ರಹೆನ್ಶನ್ನಿನಲ್ಲಿ ಮೊದಲ ಪಟ್ಟಿಯನ್ನು ಮಾತ್ರ ಗೋಡೆಯ ಹೊರಗೇ ಲೆಕ್ಕ ಹಾಕಿ, ಕೈಯಲ್ಲಿ ಕೊಟ್ಟು ಒಳಗೆ ಕಳಿಸುತ್ತಾರೆ. ಅದು ಭಾಷೆಯ ನಿಯಮ. ನಾನು ಪಟ್ಟಿಯನ್ನು ಏನೂ ಸೋಸದೆ ಹಾಗೇ ಕೇಳಿದ್ದರೆ ಎಲ್ಲ ಸಲೀಸಾಗಿ ಬರುತ್ತಿತ್ತು. ಸೋಸುವ ಶರತ್ತು ಸೇರಿದ ಕೂಡಲೇ ಕೆಟ್ಟಿತು. ಪೈಥಾನಿನಲ್ಲಿ ಕ್ಲಾಸ್ ಅನ್ನುವ ಕೋಡಿನ ಕಟ್ಟಿನ ಒಳಗೆ ನೇರವಾಗಿ ಕಾಂಪ್ರಹೆನ್ಶನ್ ಬರೆದು ಕೈ ಸುಟ್ಟುಕೊಂಡವರಿಗೆ ಇದು ಪರಿಚಯ ಇರಬೇಕು. ಅಲ್ಲೂ ಕ್ಲಾಸಿನ ಹೆಸರುಗಳು ಮೊದಲ ಪಟ್ಟಿಯ ಜಾಗದಲ್ಲಿ ಕಾಣುತ್ತವೆ, ಉಳಿದ ಕಡೆ ಕಾಣುವುದಿಲ್ಲ. ಪೈಥಾನಿನ ಕೈಪಿಡಿಯಲ್ಲೇ ಇದೆ: ಎರಡು ಬೇರೆ ಬೇರೆ ಪುಸ್ತಕ ಕೊಟ್ಟು ಕೋಡ್ ಓಡಿಸಿದರೆ, ಅದು ಕ್ಲಾಸಿನ ಒಳಗೆ ಬರೆದ ಕೋಡಿನ ಹಾಗೆ ನಡೆದುಕೊಳ್ಳುತ್ತದೆ. ನಾನು ಆ ಪುಟ ಎಷ್ಟೋ ಸಲ ದಾಟಿ ಹೋಗಿದ್ದೇನೆ. ಓದಿರಲಿಲ್ಲ.

ಈಗ ನನ್ನ 100ರ ಕಥೆ ಗೊತ್ತಾಯಿತಲ್ವಾ? ಹೆಸರು ಸಿಗದೆ ಎರರ್ ಬಂದಿದ್ದಾಗ ಡಿಬಗ್ಗರ್ ನನಗೆ ಉಪಕಾರವನ್ನೇ ಮಾಡುತ್ತಿತ್ತು. ನಾನು ಹೋಗಿ ಅದೇ ಹೆಸರಿನ ಇನ್ನೊಬ್ಬನನ್ನು ಗ್ಲೋಬಲ್ ಪುಸ್ತಕದಲ್ಲಿ ಬರೆದೆ. ಅದು ಸದ್ದಿಲ್ಲದೆ ಅವನನ್ನು ಕರೆದುಕೊಂಡು ಬಂತು. ಬರೀ 'ಮಿತಿ' ಅಂದರೆ 50, ಗೋಡೆಯ ಒಳಗಿನ 'ಮಿತಿ' ಅಂದರೆ 100. ಒಂದೇ ಪರದೆಯ ಮೇಲೆ, ಎರಡು ಸಾಲುಗಳ ಅಂತರದಲ್ಲಿ. ನೂರು ಸೆಂಟಿಗಿಂತ ಜಾಸ್ತಿ ಬಿದ್ದ ದಿನ ಆ ಏಪ್ರಿಲಿನಲ್ಲಿ ಇರಲೇ ಇಲ್ಲ, ಹಾಗಾಗಿ ಖಾಲಿ ಪಟ್ಟಿ. ಅದು ಅಪ್ಪನ ಮಾತಿಗೆ ಹೊಂದಿದ್ದು ಶುದ್ಧ ಕಾಕತಾಳೀಯ. ನನ್ನ ಅನುಭವದಲ್ಲಿ ಎರರ್ ಕೊಡುವ ಡಿಬಗ್ಗರಿಗಿಂತ ನಮಗೆ ಬೇಕಾದ ಉತ್ತರವನ್ನೇ ಕೊಡುವ ಡಿಬಗ್ಗರ್ ಹತ್ತು ಪಟ್ಟು ಅಪಾಯ. ಬೇಡದ ಉತ್ತರ ಬಂದರೆ ಇನ್ನೊಮ್ಮೆ ಕೇಳುತ್ತೇವೆ. ಬೇಕಾದದ್ದು ಬಂದರೆ ಯಾರು ಕೇಳುತ್ತಾರೆ?

ಇಂಟರ‍್ಯಾಕ್ಟ್ ಅಂತ ಹೊಡೆದಾಗ ಪಿಡಿಬಿ ಎರಡೂ ಪುಸ್ತಕವನ್ನು ಸೇರಿಸಿ ಹೊಸದೊಂದು ಪುಸ್ತಕ ಮಾಡುತ್ತದೆ. ಒಂದೇ ಹೆಸರು ಎರಡರಲ್ಲೂ ಇದ್ದರೆ ಲೋಕಲ್ ಗೆಲ್ಲುತ್ತದೆ. ಆ ಒಂದೇ ಪುಸ್ತಕವನ್ನು ಗ್ಲೋಬಲ್ ಅಂತ ಕೈಗೆ ಕೊಟ್ಟು ಕೂರಿಸುತ್ತದೆ. ಆಗ ಗೋಡೆಯ ಒಳಗಿನವನಿಗೂ ಎಲ್ಲ ಕಾಣುತ್ತದೆ. ಆದರೆ ಅದು ನಕಲು. ಅಲ್ಲಿ ಮಿತಿಯನ್ನು ಬದಲಾಯಿಸಿದರೆ ಓಡುತ್ತಿರುವ ಪ್ರೋಗ್ರಾಮಿಗೆ ಸುದ್ದಿಯೂ ಮುಟ್ಟುವುದಿಲ್ಲ. ಲೋಕಲ್ ಹೆಸರುಗಳನ್ನೆಲ್ಲ ಗ್ಲೋಬಲ್ ಪುಸ್ತಕಕ್ಕೆ ಸುರಿದುಬಿಡುವ ಇನ್ನೊಂದು ಉಪಾಯವನ್ನೂ ಜನ ಹೇಳಿಕೊಡುತ್ತಾರೆ. ಕೆಲಸ ಆಗುತ್ತದೆ, ಆದರೆ ನಾನು ರಾತ್ರಿ ಮಾಡಿಕೊಂಡ ಎಡವಟ್ಟನ್ನೇ ಸಗಟಾಗಿ ಮಾಡಿದ ಹಾಗೆ. ನಾನಂತೂ ಮಾಡುವುದಿಲ್ಲ. ಆತುರ ಇದ್ದರೆ ಕಾಂಪ್ರಹೆನ್ಶನ್ ಬಿಟ್ಟು ಸಾದಾ ಫಾರ್ ಲೂಪ್ ಒಂದು ಸಾಲಿನಲ್ಲಿ ಬರೆದು, ಪ್ರತಿ ದಿನದ ಅಂಕಿಯನ್ನೂ ಮಿತಿಯನ್ನೂ ಅಕ್ಕಪಕ್ಕ ಪ್ರಿಂಟ್ ಮಾಡಿಸಿ ಕಣ್ಣಿನಿಂದಲೇ ನೋಡುತ್ತೇನೆ. ಫಾರ್ ಲೂಪಿಗೆ ಗೋಡೆ ಇಲ್ಲ.

ಹೊಸ ಪೈಥಾನ್ ಬಳಸುವವರಿಗೆ ಈ ಗೋಳು ಬಹುಪಾಲು ಇಲ್ಲ. 2023ರ ಅಕ್ಟೋಬರಿನಲ್ಲಿ ಬಂದ 3.12ರಲ್ಲಿ ಕಾಂಪ್ರಹೆನ್ಶನ್ನಿನ ಗೋಡೆಯನ್ನೇ ಕೆಡವಿದರು. ಪೆಪ್ 709 ಅಂತ ಕಾರ್ಲ್ ಮೇಯರ್ ಬರೆದ ಪ್ರಸ್ತಾವ. ಉದ್ದೇಶ ವೇಗ, ಪ್ರತಿ ಸಲ ಪುಟ್ಟ ಫಂಕ್ಷನ್ ಕಟ್ಟಿ ಕೆಡವುವ ಖರ್ಚು ಉಳಿಸುವುದು. ಡಿಬಗ್ಗರಿನ ಸಮಸ್ಯೆ ಅದರ ಜೊತೆ ಪುಕ್ಕಟೆಯಾಗಿ ಹೋಯಿತು. ಸೋರಿಕೆ ಮಾತ್ರ ವಾಪಸ್ ಬರಲಿಲ್ಲ, ಅದಕ್ಕೆ ಬೇರೆ ವ್ಯವಸ್ಥೆ ಮಾಡಿದ್ದಾರೆ. ಆದರೆ ಲ್ಯಾಂಬ್ಡಾ, ಜನರೇಟರ್ ಅಂತ ಒಂದೇ ಸಾಲಿನಲ್ಲಿ ಬರೆಯುವ ಇಂಥವೇ ಪುಟ್ಟ ಫಂಕ್ಷನ್ ಇನ್ನೂ ಇವೆ, ಅವುಗಳ ಗೋಡೆ ಹಾಗೇ ಇತ್ತು. 2024ರ 3.13ರಲ್ಲಿ ಪಿಡಿಬಿಯನ್ನೇ ತಿದ್ದಿದರು. ನಾವು ಟೈಪ್ ಮಾಡಿದ ಸಾಲಿನ ಸುತ್ತ ಅದು ಈಗ ಒಂದು ನಾಟಕದ ಫಂಕ್ಷನ್ ಕಟ್ಟುತ್ತದೆ, ಲೋಕಲ್ ಹೆಸರುಗಳೆಲ್ಲ ಆ ಹೊರಗಿನ ಫಂಕ್ಷನ್ನಿನವು ಅನ್ನುವ ಹಾಗೆ. ಒಳಗಿನವನು ಸುತ್ತ ನೋಡಿದಾಗ ಮನೆ ಕಾಣುತ್ತದೆ. ಅದೇ 3.13ರಲ್ಲಿ ಇನ್ನೊಂದು ಹಳೆಯ ಕಾಟವೂ ಹೋಯಿತು. ಮೊದಲೆಲ್ಲ ಡಿಬಗ್ಗರಿಗೆ ಸಿಗುತ್ತಿದ್ದ ಲೋಕಲ್ ಪುಸ್ತಕವೂ ಒಂದು ನಕಲೇ, ಅದರಲ್ಲಿ ಬದಲಾಯಿಸಿದ್ದು ಕೆಲವು ಸಲ ಗಾಳಿಗೆ ಹೋಗುತ್ತಿತ್ತು. ಪೆಪ್ 667 ಬಂದ ಮೇಲೆ ಅಲ್ಲಿ ಬರೆದದ್ದು ನೇರ ಫಂಕ್ಷನ್ನಿಗೇ ಮುಟ್ಟುತ್ತದೆ.

ಬೇರೆ ಭಾಷೆಯವರು ನಗಬೇಕಾಗಿಲ್ಲ. ಕ್ರೋಮ್ ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟನ್ನು ಒಳಗಿನ ಫಂಕ್ಷನ್ನಿನಲ್ಲಿ ನಿಲ್ಲಿಸಿ, ಹೊರಗಿನ ಫಂಕ್ಷನ್ನಿನ ಹೆಸರೊಂದನ್ನು ಕೇಳಿ ನೋಡಿ. ಒಳಗಿನ ಯಾವ ಫಂಕ್ಷನ್ನೂ ಅದನ್ನು ಬಳಸಿರದಿದ್ದರೆ, ಕೋಡಿನಲ್ಲಿ ಕಣ್ಣ ಮುಂದೆಯೇ ಇದ್ದರೂ ಇಲ್ಲ ಅನ್ನುತ್ತದೆ. ಯಾರಿಗೂ ಬೇಡದ್ದು ಅಂತ ಎತ್ತಿಟ್ಟುಕೊಂಡೇ ಇರುವುದಿಲ್ಲ. ಸಿ ಭಾಷೆಯಲ್ಲಿ ಬರೆಯುವವರಿಗೆ ಜಿಡಿಬಿ ಅನ್ನುವ ಡಿಬಗ್ಗರ್ 'ಆಪ್ಟಿಮೈಸ್ಡ್ ಔಟ್', ಬೇಡ ಅಂತ ತೆಗೆದಾಗಿದೆ, ಅಂತ ಮುಖಕ್ಕೇ ಹೇಳುತ್ತದೆ. ಅದಾದರೂ ಪ್ರಾಮಾಣಿಕ.

ಅಂದಹಾಗೆ ಕನ್ನಡ ಹೆಸರಿನಿಂದ ಒಂದು ಲಾಭ ಆಯಿತು. ಇಂಗ್ಲಿಷಿನಲ್ಲಿ ಎನ್, ಸಿ ಅಂತ ಒಂದಕ್ಷರದ ಹೆಸರಿಟ್ಟು, ಪಿಡಿಬಿಯಲ್ಲಿ ಅದರ ಬೆಲೆ ಕೇಳಲು ಹೋದರೆ ಪ್ರೋಗ್ರಾಂ ಮುಂದಕ್ಕೆ ಓಡಿಬಿಡುತ್ತದೆ. ಅವು ಪಿಡಿಬಿಯ ಸ್ವಂತ ಅಪ್ಪಣೆಗಳು. 'ಮಿತಿ'ಗೆ ಆ ಭಯ ಇಲ್ಲ.

ಸರಿ, ಇಂಟರ‍್ಯಾಕ್ಟ್ ಹೊಡೆದು ಕೇಳಿದೆ. ಎರಡು ದಿನ ಅಂತ ಬಂತು. ಪ್ರೋಗ್ರಾಂ ಹೇಳುತ್ತಿದ್ದದ್ದೂ ಎರಡೇ. ಅಂದರೆ ರಾತ್ರಿಯಿಡೀ ನಾನು ಅಟ್ಟಿಸಿಕೊಂಡು ಹೋದ ತಪ್ಪು ಪ್ರೋಗ್ರಾಮಿನಲ್ಲಿ ಇರಲೇ ಇಲ್ಲ. ಆ ಎರಡು ದಿನಗಳ ಅಂಕಿ ನೋಡಿದೆ. 0.5 ಮತ್ತು 0.6. ಐವತ್ತು ಸೆಂಟ್, ಅರವತ್ತು ಸೆಂಟ್. ಮಿತಿ 50, ಎರಡೂ ಪಾಸು.

ಡೈರಿ ಹಿಡಿದು ಅಡುಗೆಮನೆಗೆ ಹೋದೆ. ಅಪ್ಪ ಪಾಯಸದ ಬಟ್ಟಲು ಹಿಡಿದು ಕೂತಿದ್ದರು. ಮದ್ದು ಸೊಪ್ಪಿನ ಪಾಯಸಕ್ಕೆ ನೇರಳೆ ಬಣ್ಣ. (ಕೊಡಗಿನವರಲ್ಲದವರು ತಿಂದರೆ ಮರುದಿನ ಬಚ್ಚಲಿನಲ್ಲಿ ಕೆಂಪು ಕಂಡು ಗಾಬರಿ ಆಗಬೇಡಿ, ಅದು ಸೊಪ್ಪಿನ ಬಣ್ಣ.) ಏಪ್ರಿಲಿನ ಪುಟ ತೋರಿಸಿ ಇದೆಷ್ಟು ಅಂತ ಕೇಳಿದೆ.

"ಐದು ಸೆಂಟ್," ಅಂದರು. "ಧೂಳು ಅಡಗ್ಲಿಲ್ಲ ಅವತ್ತು."

"0.5 ಅಂತ ಬರೆದಿದ್ದೀರಿ."

"ಹೂಂ. ಸೊನ್ನೆ ಇಂಚು, ಐದು ಸೆಂಟ್."

ಅಪ್ಪನಿಗೆ ಆ ಚುಕ್ಕೆ ದಶಮಾಂಶದ ಚುಕ್ಕೆ ಅಲ್ಲವೇ ಅಲ್ಲ. ಎಡಗಡೆ ಇಂಚು, ಬಲಗಡೆ ಸೆಂಟ್, ನಡುವೆ ಒಂದು ಬೇಲಿ, ಅಷ್ಟೇ. ಐವತ್ತು ಸೆಂಟ್ ಆದರೆ 0.50 ಅಂತ ಬರೆಯುತ್ತಾರೆ. ನನ್ನ ಟೈಪಿಂಗಿನಲ್ಲಿ ಎರಡೂ ಒಂದೇ ಆಗಿಹೋಗಿತ್ತು. ಸ್ಪ್ರೆಡ್‌ಶೀಟ್ ಕೊನೆಯ ಸೊನ್ನೆಯನ್ನು ನುಂಗಿ ನೀರು ಕುಡಿದಿತ್ತು.

ಎಲ್ಲ ಡೈರಿ ಮತ್ತೆ ತೆಗೆದು, ಚುಕ್ಕೆಯ ಬಲಗಡೆ ಒಂದೇ ಅಂಕಿ ಇರುವ ಕಡೆಯೆಲ್ಲ ತಿದ್ದಲು ಕೂತೆ. ಅರ್ಧ ತಾಸು ಆಗಿರಬೇಕು, ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಬಗ್ಗಿ ನೋಡಿದರು.

"ಅದು ನಾನು ಬರೆದದ್ದು. ಅದು ಅರ್ಧ ಇಂಚೇ."

ಅಪ್ಪ ಮೈಸೂರಿಗೋ ಮದುವೆಗೋ ಹೋದ ದಿನ ಗೇಜ್ ನೋಡುತ್ತಿದ್ದವರು ಅಮ್ಮ. ಅಮ್ಮ ಶಾಲೆಯಲ್ಲಿ ದಶಮಾಂಶ ಚೆನ್ನಾಗಿ ಕಲಿತವರು. ಅಮ್ಮನ 0.5 ಅಂದರೆ ಐವತ್ತು. ಅಪ್ಪನ 0.5 ಅಂದರೆ ಐದು. ಒಂದೇ ಡೈರಿ, ಒಂದೇ ಪುಟ, ಒಂದೇ ಪೆನ್ನು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದು ಇಬ್ಬರೂ ಇದನ್ನು ಗಮನಿಸಿರಲಿಲ್ಲ. ಅವತ್ತು ಸ್ವಲ್ಪ ಹೊತ್ತು ಮನೆಯಲ್ಲಿ ಮಾತುಕತೆ ಬಿಸಿಯಾಗಿಯೇ ನಡೆಯಿತು. ಅಪ್ಪನಿಗೆ ಅಮ್ಮ ಬರೆದದ್ದು ತಪ್ಪು, ಅಮ್ಮನಿಗೆ ಅಪ್ಪ ಬರೆದದ್ದು ಲೆಕ್ಕವೇ ಅಲ್ಲ. ನಾನು ಸುಮ್ನೆ ಪಾಯಸ ತಿಂದೆ.

ಈಗ ಫೈಲಿನಲ್ಲಿ ಇನ್ನೊಂದು ಕಾಲಮ್ ಇದೆ. 'ಬರೆದವರು'. ಅಮ್ಮನ 5ಕ್ಕೆ ತಲೆಯ ಗೆರೆ ಉದ್ದ, ಅಪ್ಪನದು ಕನ್ನಡದ ಕೊಂಬಿನ ಹಾಗೆ ಸುತ್ತಿಕೊಂಡಿರುತ್ತದೆ. ಹಾಗೆ ನೋಡಿ ನೋಡಿ ಒಂದೊಂದೇ ಸಾಲಿಗೆ ಹೆಸರು ಹಾಕಿದೆವು. ಅದಕ್ಕೆ ನಾಲ್ಕು ಭಾನುವಾರ ಹಿಡಿಯಿತು. 2016ಕ್ಕೆ ಬ್ಯಾಕಿಂಗ್ ಇಲ್ಲ ಅಂತ ಪ್ರೋಗ್ರಾಂ ಈಗ ಒಪ್ಪಿಕೊಂಡಿದೆ.

ಕೊನೆಗೆ ಸಿಕ್ಕಿಹಾಕಿಕೊಂಡದ್ದು 2018ರ ಆಗಸ್ಟ್ ಮಧ್ಯದ ಒಂದು ಪುಟ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ದಿನಗಳವು. ನಮ್ಮಲ್ಲೂ ರಸ್ತೆ ಮುಚ್ಚಿ, ವಾರಗಟ್ಟಲೆ ಕರೆಂಟ್ ಇರಲಿಲ್ಲ. ಮನೆಯಲ್ಲಿ ನೆಂಟರು, ತೋಟದ ಕೆಲಸಗಾರರ ಲೈನ್ ಮನೆಯವರು ಎಲ್ಲ ಸೇರಿ ಇಪ್ಪತ್ತು ಜನ. ಆ ಪುಟದಲ್ಲಿ ಪೆನ್ಸಿಲಿನಲ್ಲಿ 3.5 ಅಂತಿದೆ. ಒದ್ದೆಯಾಗಿ 5ರ ತಲೆ ಅಳಿಸಿಹೋಗಿದೆ.

ಅಪ್ಪ ಕನ್ನಡಕ ಹಾಕಿ ನೋಡಿ, "ನಂದಲ್ಲ" ಅಂದರು. ಅಮ್ಮ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ನಂದೂ ಅಲ್ಲ" ಅಂದರು. "ಅವತ್ತು ಅಷ್ಟು ಜನರಲ್ಲಿ ಒಬ್ಬರಿಗೆ ಹೊರಗೆ ಹೋಗಿ ಗೇಜ್ ನೋಡ್ಬೇಕು ಅಂತ ಅನ್ನಿಸಿದ್ದೇ ದೊಡ್ಡದು."

ಆ ಸಾಲಿನಲ್ಲಿ 'ಬರೆದವರು' ಖಾಲಿ ಇದೆ. ಪ್ರೋಗ್ರಾಂ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ.